ತಮ್ಮನ ಹಸಿರು ಚೌಕಗಳು

“ಸರ್, ಬ್ಯಾಡ್ಜಿನ್ಯಾಗ ಖಾಲಿ ದಿನ ಕಾಣದಂಗ ಮಾಡೋದು ಹೆಂಗ?” ಎಂದು ಫರ್ಜಾನಾ ಕೇಳಿದಳು.

ಕೇಳಿದ್ದು ಗುರುಸಿದ್ದಪ್ಪ ಮಾಸ್ತರರನ್ನು. ಅವರು ಗದಗಿನ ಕಡೆಯ ಒಂದು ಪಾಲಿಟೆಕ್ನಿಕ್ಕಿನಲ್ಲಿ ಮೂವತ್ತು ವರ್ಷ ಕಂಪ್ಯೂಟರ್ ಕಲಿಸಿ ನಿವೃತ್ತರಾದವರು. ಈಗ ಪ್ರತಿ ರವಿವಾರ ಮನೆಯ ಪಡಸಾಲೆಯಲ್ಲಿ, ಬಂದವರಿಗೆಲ್ಲ ಕೋಡ್ ಬರೆಯುವುದನ್ನು ಕಲಿಸುತ್ತಿದ್ದರು. ಅವರ ಪಾಠಕ್ಕೆ ಒಂದೇ ನಿಯಮ. ಪ್ರೋಗ್ರಾಮನ್ನು ಮೊದಲು ಕಾಗದದ ಮೇಲೆ ಪೆನ್ಸಿಲಿನಿಂದ ಬರೆಯಬೇಕು. ಸಾಲಿನ ಮೇಲೆ ಬೆರಳಿಟ್ಟು, ತಾನೇ ಯಂತ್ರವಾಗಿ, ಅದನ್ನು ಓಡಿಸಿ ನೋಡಬೇಕು. ಆಮೇಲೆ ಕೀಬೋರ್ಡು ಮುಟ್ಟಬೇಕು. ಅವರ ಕಾಲದಲ್ಲಿ ನಲವತ್ತು ವಿದ್ಯಾರ್ಥಿಗಳಿಗೆ ಮೂರು ಕಂಪ್ಯೂಟರ್ ಇದ್ದವು. ಆ ಬಡತನ ಕಲಿಸಿದ ರೂಢಿಯನ್ನು ಅವರು ಬಿಟ್ಟಿರಲಿಲ್ಲ. ಶಿಷ್ಯರು ಬೆನ್ನ ಹಿಂದೆ ಅವರನ್ನು ಪೆನ್ಸಿಲ್ ಮಾಸ್ತರ್ ಅನ್ನುತ್ತಿದ್ದರು, ಅದು ಅವರಿಗೂ ಗೊತ್ತಿತ್ತು.

ಫರ್ಜಾನಾ ಓದು ಮುಗಿಸಿ, ಹಾಸ್ಟೆಲಿನಲ್ಲೇ ಉಳಿದು ಕೆಲಸ ಹುಡುಕುತ್ತಿದ್ದಳು. ತನ್ನದೇ ಒಂದು ವೆಬ್‌ಸೈಟ್ ಕಟ್ಟಿಕೊಂಡು, ಅದರಲ್ಲಿ ಹೆಸರಿನ ಕೆಳಗೆ ಒಂದು ಬ್ಯಾಡ್ಜ್ ಹಾಕಿದ್ದಳು. ಅದೊಂದು ಸಣ್ಣ ಚಿತ್ರ. ದಿನಕ್ಕೊಂದು ಚೌಕ. ಕೋಡ್ ಬರೆದ ದಿನದ ಚೌಕ ಹಸಿರು, ಹೆಚ್ಚು ಬರೆದಷ್ಟೂ ಗಾಢ ಹಸಿರು. ಬರೆಯದ ದಿನದ್ದು ಬೂದು ಬಣ್ಣ. ಹೋದ ತಿಂಗಳಿನಲ್ಲಿ ಹನ್ನೊಂದು ಚೌಕ ಸಾಲಾಗಿ ಬೂದು ಬಣ್ಣಕ್ಕೆ ತಿರುಗಿದ್ದವು. ಕೆಲಸ ಕೊಡುವವರು ಅದನ್ನು ನೋಡಿ ತನ್ನನ್ನು ಸೋಮಾರಿ ಅಂದುಕೊಂಡಾರು ಎಂಬುದು ಅವಳ ಭಯ. ಬೂದು ಚೌಕ ಅಡಗಿಸುವ ಸೆಟ್ಟಿಂಗ್ ಏನಾದರೂ ಇದೆಯೇ ಎಂದು ಕೇಳಿದಳು. ಇಲ್ಲದಿದ್ದರೆ ದಿನವೂ ತನ್ನಷ್ಟಕ್ಕೆ ಒಂದಿಷ್ಟು ಟೈಪ್ ಮಾಡುವ ಪ್ರೋಗ್ರಾಮ್ ಬರೆದು ಬಿಟ್ಟರೆ ತಪ್ಪೇನು, ಎಷ್ಟೋ ಜನ ಹಾಗೆ ಮಾಡುತ್ತಾರಲ್ಲ ಎಂದೂ ಕೇಳಿದಳು.

ಆ ಹನ್ನೊಂದು ದಿನ ಏನಾಗಿತ್ತು ಎಂದು ಮಾಸ್ತರರು ಕೇಳಲಿಲ್ಲ. ತಪ್ಪು ಎಂದೂ ಹೇಳಲಿಲ್ಲ, ಸರಿ ಎಂದೂ ಹೇಳಲಿಲ್ಲ. ಕನ್ನಡಕ ತೆಗೆದು ಅಂಗಿಯ ಜೇಬಿಗೆ ಇಟ್ಟುಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಪ್ರೋಗ್ರಾಮರ್ ಇದ್ದ. ಅವನಿಗೊಬ್ಬಳು ಅಕ್ಕ. ಈ ಕತೆಯಲ್ಲಿ ಇರುವವರು ಈ ಇಬ್ಬರೇ, ಉಳಿದವರು ಬಂದು ಹೋಗುವವರು.

ತಾಯಿ ಬೇಗ ತೀರಿಕೊಂಡಿದ್ದರಿಂದ ತಮ್ಮನನ್ನು ಅಕ್ಕನೇ ಎತ್ತಿ ಬೆಳೆಸಿದ್ದಳು. ಮದುವೆಯಾದ ಮೇಲೆ ಅವಳು ನಾಲ್ಕು ತಾಸು ದೂರದ ಇನ್ನೊಂದು ಊರಿಗೆ ಹೋದಳು. ಅಲ್ಲಿ ಒಂದು ರೊಟ್ಟಿ ಕೇಂದ್ರ ತೆರೆದಳು. ಆರು ಜನ ಹೆಂಗಸರು ಬೆಳಗ್ಗೆ ಬಂದು ಜೋಳದ ರೊಟ್ಟಿ ಬಡಿಯುತ್ತಿದ್ದರು. ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಅಲ್ಲಿಂದ ರೊಟ್ಟಿ ಹೋಗುತ್ತಿತ್ತು.

ತಮ್ಮ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ. ಕೆಲವು ವರ್ಷ ಕಲಿಸಿ, ಆ ಕೆಲಸ ಬಿಟ್ಟು, ಮಹಡಿಯ ಮೇಲೊಂದು ಬಾಡಿಗೆ ಕೋಣೆ ಹಿಡಿದ. ಅಲ್ಲಿ ಕೂತು ಅಂಗಡಿಯವರಿಗೆ, ಆಸ್ಪತ್ರೆಯವರಿಗೆ ಬೇಕಾದ ಪ್ರೋಗ್ರಾಮ್ ಬರೆದುಕೊಡತೊಡಗಿದ. ಕೆಲಸ ಚೆನ್ನಾಗಿಯೇ ನಡೆದಿತ್ತು. ಆದರೆ ಬಂಧುಗಳಿಗೆ ಅದು ಕೆಲಸ ಅಂತ ಅನಿಸಲಿಲ್ಲ.

ಒಂದು ಕುಬ್ಬಸದ, ಅಂದರೆ ಸೀಮಂತದ, ಊಟ. ಅಕ್ಕ, ತಮ್ಮ ಇಬ್ಬರೂ ಬಂದಿದ್ದರು. ಪಂಕ್ತಿಯಲ್ಲಿ ಕೂತಿದ್ದ ಯಾರೋ ಅಕ್ಕನನ್ನು ಕೇಳಿದರು, ಸಾಲಿ ಬಿಟ್ಟ ಮೇಲೆ ನಿನ್ನ ತಮ್ಮ ಏನು ಮಾಡುತ್ತಾನೆ ಎಂದು. ಅಕ್ಕ ನಗುತ್ತ, ನಾನು ಇಲ್ಲಿ ರೊಟ್ಟಿ ಬಡಿಯುತ್ತೇನೆ, ಅವನು ಅಲ್ಲಿ ಕೀಲಿ ಬಡಿಯುತ್ತಾನೆ ಎಂದಳು. ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ತನ್ನ ಕೆಲಸದ ಪಕ್ಕದಲ್ಲೇ ಅವನ ಕೆಲಸವನ್ನೂ ಇಟ್ಟು ಹೇಳಿದ್ದಳು. ಆದರೆ ಪಂಕ್ತಿಗೆ ಪಂಕ್ತಿಯೇ ನಕ್ಕಿತು. ತಮ್ಮ ಎಲೆ ಬಿಟ್ಟು ಎದ್ದ. ಕೈ ತೊಳೆದವನೇ ಯಾರಿಗೂ ಹೇಳದೆ ಬಸ್ ಹತ್ತಿದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಅಕ್ಕ ಎರಡು ಸಲ ಫೋನ್ ಮಾಡಿದಳು. ಅವನು ಎತ್ತಲಿಲ್ಲ. ಮೂರನೆಯ ಸಲ ಅವಳು ಮಾಡಲಿಲ್ಲ. ಒಂದೇ ತಾಯಿಯ ಮಕ್ಕಳು, ಹಟವೂ ಇಬ್ಬರಿಗೂ ಒಂದೇ ಅಳತೆಯದು ಬಂದಿತ್ತು. ತಿಂಗಳುಗಳು ಕಳೆದವು.

ಆ ಸಿಟ್ಟಿನಲ್ಲಿ ತಮ್ಮ ತನ್ನ ವೆಬ್‌ಸೈಟಿಗೆ ಬ್ಯಾಡ್ಜ್ ಹಾಕಿದ. ಹೇಗೆ ಹಾಕುವುದು ನಿನಗೆ ಗೊತ್ತೇ ಇದೆ. ಗಂಟೆ ಎಣಿಸುವ ಒಂದು ತಾಣದಲ್ಲಿ ಖಾತೆ ತೆರೆದ. ಕೋಡ್ ಬರೆಯುವ ಎಡಿಟರಿಗೆ ಅವರು ಕೊಟ್ಟ ಸಣ್ಣ ಜೋಡಣೆಯನ್ನು ಸೇರಿಸಿದ. ಬೆರಳು ಆಡಿದಷ್ಟು ಹೊತ್ತು ಅದು ಎಣಿಸುತ್ತದೆ, ಎಣಿಸಿದ್ದನ್ನು ಅವರಿಗೆ ಕಳಿಸುತ್ತದೆ, ಅವರು ಅದನ್ನು ಚಿತ್ರ ಮಾಡಿ ಇಡುತ್ತಾರೆ. ಆ ಚಿತ್ರದ ವಿಳಾಸವನ್ನು ಒಂದು ಸಾಲಿನಲ್ಲಿ ತನ್ನ ಪುಟಕ್ಕೆ ಅಂಟಿಸಿದ. ಮೊದಲ ಎರಡು ದಿನ ಲೆಕ್ಕ ಅಡ್ಡಾದಿಡ್ಡಿಯಾಯಿತು. ಅಲ್ಲಿನ ಗಡಿಯಾರ ಯಾವುದೋ ದೇಶದ್ದಿತ್ತು, ಇವನು ಬೆಳಗ್ಗೆ ಮಾಡಿದ ಕೆಲಸ ಹಿಂದಿನ ದಿನದ ಚೌಕಕ್ಕೆ ಹೋಗಿ ಬೀಳುತ್ತಿತ್ತು. ಅದನ್ನು ನಮ್ಮ ವೇಳೆಗೆ ತಿದ್ದಿದ ಮೇಲೆ ಸರಿಹೋಯಿತು. ನಿನ್ನೆ ಆರು ತಾಸು ಹತ್ತು ನಿಮಿಷ, ಎಂದು ಬ್ಯಾಡ್ಜ್ ತೋರಿಸಿತು. ಅವನು ಚಹಾ ಆರುವವರೆಗೂ ಅದನ್ನೇ ನೋಡುತ್ತ ಕೂತ.

ಅವನನ್ನು ನೋಡಿ ನಾನು ನಗುವುದಿಲ್ಲ. ಬಡಿಗ ಸಂಜೆಗೆ ಒಂದು ಬಾಗಿಲು ತೋರಿಸಬಹುದು. ರೊಟ್ಟಿ ಬಡಿದವಳ ಮುಂದೆ ಸಂಜೆಗೆ ರೊಟ್ಟಿಯ ಒಟ್ಟಿಲು ಇರುತ್ತದೆ. ಈ ಬಡಪಾಯಿಯ ಕೋಣೆ ಬೆಳಗ್ಗೆ ಹೇಗಿತ್ತೋ ಸಂಜೆಯೂ ಹಾಗೇ ಇರುತ್ತಿತ್ತು. ದುಡಿದದ್ದಕ್ಕೆ ಒಂದು ಸಾಕ್ಷಿ ಬೇಕು ಅಂತ ಅವನಿಗೆ ಅನಿಸಿದ್ದರಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ಅಕ್ಕನ ಗಂಡ ಒಂದು ದಿನ ತನ್ನ ಫೋನಿನಲ್ಲಿ ಆ ವೆಬ್‌ಸೈಟನ್ನು ಹುಡುಕಿ ತೆಗೆದು ಅವಳಿಗೆ ತೋರಿಸಿದ. ಅಲ್ಲಿದ್ದ ಇಂಗ್ಲಿಷ್ ಅವಳಿಗೆ ಬರಲಿಲ್ಲ. ಈ ಹಸಿರು ಚೌಕಗಳೇನು ಎಂದು ಕೇಳಿದಳು. ಕೆಲಸ ಮಾಡಿದ ದಿನ ಹಸಿರು, ಮಾಡದ ದಿನ ಬೂದು ಎಂದು ಅವನು ಹೇಳಿದ. ಅವಳು ತನಗೆ ಬೇಕಾದಷ್ಟನ್ನೇ ತಿಳಿದುಕೊಂಡಳು. ಹಸಿರು ಅಂದರೆ ತಮ್ಮ ಎದ್ದಿದ್ದಾನೆ, ಉಂಡಿದ್ದಾನೆ, ಚೆನ್ನಾಗಿದ್ದಾನೆ.

ಅಂದಿನಿಂದ ಒಲೆ ಹೊತ್ತಿಸುವ ಮೊದಲು ಫೋನಿನಲ್ಲಿ ಆ ಚೌಕ ನೋಡುವುದು ಅವಳಿಗೆ ರೂಢಿಯಾಯಿತು. ಎಷ್ಟು ತಾಸು ಎಂದು ಅವಳು ಒಂದು ದಿನವೂ ಕೇಳಲಿಲ್ಲ, ಬಣ್ಣ ನೋಡಿದರೆ ಸಾಕಿತ್ತು. ರೊಟ್ಟಿಯ ಹೆಂಗಸರಿಗೂ ಅದು ಗೊತ್ತಾಯಿತು. ಬಂದವರೇ ಸೆರಗು ಸಿಕ್ಕಿಸಿಕೊಂಡು, ನಿಮ್ಮ ತಮ್ಮ ಇವತ್ತು ಹಸಿರಿದ್ದಾನೇನ್ರಿ ಎಂದು ಕೇಳುವರು. ಹಸಿರಿದ್ದಾನೆ ಎಂದು ಅವಳು ಹೇಳಿದ ಮೇಲೆ ಹಂಚು ಒಲೆ ಏರುವುದು. ಇದ್ಯಾವುದೂ ತಮ್ಮನಿಗೆ ಗೊತ್ತಿರಲಿಲ್ಲ.

ಹೀಗಿರುವಾಗ ಅವನಿಗೊಂದು ಕಷ್ಟದ ಕೆಲಸ ಬಂತು. ರಕ್ತ ಪರೀಕ್ಷೆ ಮಾಡುವ ಒಂದು ಕೇಂದ್ರದಲ್ಲಿ, ಒಂದೇ ಹೆಸರಿನ ಇಬ್ಬರು ಬಂದರೆ ಒಬ್ಬರ ವರದಿ ಇನ್ನೊಬ್ಬರ ಕೈ ಸೇರುತ್ತಿತ್ತು. ಎಲ್ಲಿ ತಪ್ಪುತ್ತಿದೆ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಇವನೂ ಕಾಗದದ ಮೇಲೆ ಕಲಿತವನು. ಕಂಪ್ಯೂಟರ್ ಮುಚ್ಚಿಟ್ಟು, ನೆಲದ ಮೇಲೆ ಹಾಳೆ ಹರವಿಕೊಂಡು, ಮೂರು ದಿನ ಪೆನ್ಸಿಲ್ ಹಿಡಿದು ಕೂತ. ಮೂರನೆಯ ದಿನ ಸಂಜೆ ತಪ್ಪು ಸಿಕ್ಕಿತು. ಮರುದಿನ ಅದನ್ನು ತಿದ್ದುವುದಕ್ಕೆ ನಾಲ್ಕೇ ಸಾಲು ಬೇಕಾದವು. ಅವನು ಜೀವಮಾನದಲ್ಲಿ ಮಾಡಿದ ಕೆಲಸಗಳಲ್ಲಿ ಅದೇ ಒಳ್ಳೆಯದು ಎಂದು ನಾನು ತಿಳಿದಿದ್ದೇನೆ.

ಬ್ಯಾಡ್ಜಿನಲ್ಲಿ ಆ ಮೂರು ದಿನ ಬೂದು ಬಣ್ಣ. ಅದಕ್ಕೆ ಬೆರಳಿನ ಲೆಕ್ಕ ಮಾತ್ರ ಗೊತ್ತು. ಬೆರಳು ಎರಡು ನಿಮಿಷ ನಿಂತರೆ ಮನುಷ್ಯ ಎದ್ದು ಹೋದ ಅಂದುಕೊಳ್ಳುತ್ತದೆ. ಯೋಚನೆಯನ್ನು ಎಣಿಸುವ ಜೋಡಣೆಯನ್ನು ಇನ್ನೂ ಯಾರೂ ಮಾಡಿಲ್ಲ.

ಎರಡು ಬೂದು ಚೌಕಗಳನ್ನು ಅಕ್ಕ ಹೇಗೋ ತಡೆದುಕೊಂಡಳು. ಮೂರನೆಯದನ್ನು ಕಂಡ ಬೆಳಗ್ಗೆ ಒಲೆ ಹೊತ್ತಿಸಲಿಲ್ಲ. ತನ್ನ ಫೋನಿನಿಂದ ಮಾಡಿದರೆ ಅವನು ಎತ್ತುವುದಿಲ್ಲ ಎಂದು, ಪಕ್ಕದ ಕಿರಾಣಿ ಅಂಗಡಿಯ ಫೋನಿನಿಂದ ಮಾಡಿದಳು. ತಮ್ಮ ಎತ್ತಿ, ಹಲೋ ಯಾರು ಎಂದ. ಧ್ವನಿ ಗಟ್ಟಿಯಾಗಿತ್ತು. ಅವಳು ಮಾತಾಡದೆ ಫೋನ್ ಇಟ್ಟು ಬಂದು, ಇದ್ದಾನೆ ಎಂದು ಹೆಂಗಸರಿಗೆ ಹೇಳಿ, ಒಲೆ ಹೊತ್ತಿಸಿದಳು.

ಅದೇ ದಿನ ತಮ್ಮನಿಗೆ ಇನ್ನೊಂದು ಫೋನ್ ಬಂತು. ಒಬ್ಬ ಅರಿವೆ ವ್ಯಾಪಾರಿ ತನ್ನ ಅಂಗಡಿಗೆ ಪ್ರೋಗ್ರಾಮ್ ಬರೆಸುತ್ತಿದ್ದ. ಅವನು ಬೇರೆ ಏನೋ ಮಾತಾಡಿ, ಕೊನೆಗೆ ಬ್ಯಾಡ್ಜಿನ ಮಾತೆತ್ತಿ ತಮಾಷೆಗೆ, ಏನು ಮೂರು ದಿನ ರಜೆಯೋ ಎಂದು ಕೇಳಿದ. ಯೋಚನೆ ಮಾಡುತ್ತಿದ್ದೆ ಎಂದು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು, ಅದೂ ಕುಂಬಳಕಾಯಿ ಕದಿಯದೇ ಇದ್ದವನಿಗೆ. ಪಂಕ್ತಿಯ ನಗು ಇನ್ನೂ ಅವನ ಕಿವಿಯಲ್ಲಿತ್ತು. ಇನ್ನು ಒಂದು ದಿನವೂ ಖಾಲಿ ಕಾಣಬಾರದು ಎಂದುಕೊಂಡ.

ಕೂತು ಒಂದು ಸಣ್ಣ ಪ್ರೋಗ್ರಾಮ್ ಬರೆದ. ಬೆಳಗ್ಗೆ ಒಂಬತ್ತಕ್ಕೆ ಅದು ತಾನೇ ಎಡಿಟರ್ ತೆರೆಯುವುದು. ‘ಕೆಲಸ ನಡೆದಿದೆ’ ಎಂದು ಟೈಪ್ ಮಾಡುವುದು. ಸ್ವಲ್ಪ ನಿಂತು ಅಳಿಸುವುದು. ಮತ್ತೆ ಟೈಪ್ ಮಾಡುವುದು. ಮಧ್ಯಾಹ್ನ ಊಟಕ್ಕೆಂದು ಒಂದು ತಾಸು ಬಿಡುವು ಇಟ್ಟ, ರವಿವಾರ ಕೆಲಸ ಕಡಿಮೆ ಇಟ್ಟ. ಸುಳ್ಳನ್ನೂ ಅಷ್ಟು ಶಿಸ್ತಾಗಿ ಬರೆದ, ಒಳ್ಳೆಯ ಕೆಲಸಗಾರನಲ್ಲವೇ. ನಲವತ್ತು ಸಾಲು ಆದವು. ರಕ್ತ ಪರೀಕ್ಷೆಯ ಕೇಂದ್ರಕ್ಕೆ ನಾಲ್ಕು ಸಾಲು ಸಾಕಾಗಿದ್ದವು ಎಂಬುದನ್ನು ನೆನಪಿಟ್ಟುಕೋ.

ಕಾಗದ ಹಿಡಿದು ಕೂರುವ ದಿನಗಳಿಗೆ ಮಾತ್ರ ಇದು ಎಂದು ಅವನು ತನಗೆ ತಾನೇ ಹೇಳಿಕೊಂಡಿದ್ದ. ಆದರೆ ನಿಲ್ಲಿಸುವುದನ್ನು ಯಾರು ನೆನಪಿಡುತ್ತಾರೆ? ದಿನವೂ ಓಡಿತು. ಅವನು ಮಾಡಿದ ಕೆಲಸದ ಜೊತೆಗೆ ಇದೂ ಸೇರಿ ಚೌಕಗಳು ಗಾಢವಾದವು. ನನ್ನ ತಮ್ಮ ಈಗ ಭಾಳ ದುಡಿಯುತ್ತಾನೆ ಎಂದು ಅಕ್ಕ ಹೆಂಗಸರಿಗೆ ಹೇಳಿಕೊಂಡಳು. ಹೇಳುವಾಗ ಅವಳಿಗೆ ಹೆಮ್ಮೆಯೂ ಇತ್ತು, ಪಂಕ್ತಿಯಲ್ಲಿ ಆಡಿದ ಮಾತಿಗೆ ನಾಚಿಕೆಯೂ ಇತ್ತು.

ಮಳೆಗಾಲದಲ್ಲಿ ತಮ್ಮ ಮಲಗಿದ. ಮೊದಲು ಸಂಜೆ ಹೊತ್ತು ಸಣ್ಣ ಜ್ವರ, ಒಣ ಕೆಮ್ಮು. ಔಷಧದ ಅಂಗಡಿಯಿಂದ ಗುಳಿಗೆ ತಂದು ನುಂಗಿದ. ಆಮೇಲೆ ಎಡಪಕ್ಕೆಯಲ್ಲಿ ನೋವು ಕಾಣಿಸಿತು. ಹತ್ತು ದಿನದಲ್ಲಿ ಮೆಟ್ಟಿಲು ಇಳಿದು ಹತ್ತುವುದೇ ಆಗದಾಯಿತು. ಖಾನಾವಳಿಯವನು ಮಧ್ಯಾಹ್ನದ ಡಬ್ಬಿಯನ್ನು ಕೆಳಗಿನ ಮೆಟ್ಟಿಲಿನ ಮೇಲೆ ಇಟ್ಟು ಹೋಗುತ್ತಿದ್ದ. ಮನೆಯ ಮಾಲೀಕರ ಆಳು ಅದನ್ನು ಬಾಗಿಲವರೆಗೆ ತಂದಿಡುತ್ತಿದ್ದ. ಅರ್ಧ ಉಂಡ ಡಬ್ಬಿ ತಿರುಗಿ ಹೋಗುತ್ತಿತ್ತು. ಊಟ ಸೇರಲಿಲ್ಲವೇನೋ ಎಂದು ಅವರು ಅಂದುಕೊಂಡರು.

ಮೇಜಿನ ಮೇಲೆ ಕಂಪ್ಯೂಟರ್ ಒಂಬತ್ತಕ್ಕೆ ಸರಿಯಾಗಿ ಕೆಲಸ ಶುರುಮಾಡುತ್ತಿತ್ತು. ಕೆಲಸ ನಡೆದಿದೆ ಎಂದು ಬರೆದು, ಅಳಿಸಿ, ಮತ್ತೆ ಬರೆಯುತ್ತಿತ್ತು. ಅವನು ಮಂಚದ ಮೇಲಿಂದ ಅದನ್ನು ನೋಡುತ್ತಿದ್ದ. ಮೊದಮೊದಲು ನಗು ಬಂತು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ. ಎದ್ದು ನಿಲ್ಲಿಸಬಹುದಿತ್ತು, ನಾಲ್ಕೇ ಹೆಜ್ಜೆ ದೂರ. ನಿಜ ಹೇಳಬೇಕೆಂದರೆ ಅವನಿಗೆ ನಿಲ್ಲಿಸುವ ಮನಸ್ಸಿರಲಿಲ್ಲ. ತಾನು ಬಿದ್ದದ್ದು ಯಾರಿಗೂ ತಿಳಿಯಬಾರದು, ಅದರಲ್ಲೂ ಆ ಒಬ್ಬಳಿಗೆ ತಿಳಿಯಲೇಬಾರದು ಎಂದು ಅವನ ಮನಸ್ಸಿನಲ್ಲಿತ್ತು. ಬಂದು ಎಬ್ಬಿಸುವವಳು ಅವಳೊಬ್ಬಳೇ ಎಂಬುದು ಅವನಿಗೆ ತಿಳಿಯಲಿಲ್ಲ.

ಅರಿವೆ ವ್ಯಾಪಾರಿ ಫೋನ್ ಮಾಡಿ ತನ್ನ ಕೆಲಸ ಎಲ್ಲಿಗೆ ಬಂತು ಎಂದು ಕೇಳಿದ. ತಮ್ಮ ಈ ಸಲ ನಿಜವನ್ನೇ ಹೇಳಿದ. ಹದಿನೈದು ದಿನದಿಂದ ಜ್ವರ, ಏಳಲಾಗುತ್ತಿಲ್ಲ ಎಂದ. ವ್ಯಾಪಾರಿ, ನಿನ್ನೆ ನೀವು ಆರು ತಾಸು ಕೆಲಸ ಮಾಡಿದ್ದು ಇಲ್ಲಿ ಕಾಣುತ್ತಿದೆಯಲ್ಲ ಎಂದ. ಬೇರೆ ಯಾರ ಕೆಲಸವನ್ನೋ ಮಾಡಿಕೊಂಡು ತನಗೆ ಜ್ವರದ ಕತೆ ಹೇಳುತ್ತಿದ್ದಾನೆ ಎಂದು ತಿಳಿದು, ಕೆಲಸವನ್ನು ಇನ್ನೊಬ್ಬರಿಗೆ ಕೊಟ್ಟ. ವ್ಯಾಪಾರಿಯನ್ನು ನಾನು ಬೈಯುವುದಿಲ್ಲ. ಅವನು ಕಣ್ಣಿಗೆ ಕಂಡದ್ದನ್ನು ನಂಬಿದ, ಅಷ್ಟೇ.

ಅಷ್ಟರಲ್ಲಿ ಪಂಚಮಿ ಹಬ್ಬ ಬಂತು. ನಮ್ಮ ಕಡೆ ಪಂಚಮಿ ಅಂದರೆ ಅಣ್ಣ ತಮ್ಮಂದಿರ ದಾರಿ ಕಾಯುವ ಹಬ್ಬ. ಅವರು ಬಂದು ಕರೆದರೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ. ಈ ಅಕ್ಕನಿಗೆ ತವರು ಅಂತ ಉಳಿದದ್ದು ಆ ತಮ್ಮನೊಬ್ಬನೇ. ಅವಳನ್ನು ಕರೆದೊಯ್ಯಲು ಅವನಿಗೆ ಮನೆ ಇರಲಿಲ್ಲ. ಅದಕ್ಕೆ ಪ್ರತಿ ವರ್ಷ ಅವನೇ ಅವಳ ಮನೆಗೆ ಬರುತ್ತಿದ್ದ. ಜೋಕಾಲಿ ಕಟ್ಟಿಕೊಡುತ್ತಿದ್ದ, ಉಂಡಿ ತಿಂದು ಹೋಗುತ್ತಿದ್ದ. ಏನೇ ಸಿಟ್ಟಿದ್ದರೂ ಪಂಚಮಿಗೆ ಬಂದೇ ಬರುತ್ತಾನೆ ಎಂದು ಅವಳು ನಂಬಿದ್ದಳು. ಶೇಂಗಾ ಉಂಡಿ, ಎಳ್ಳು ಉಂಡಿ ಕಟ್ಟಿಟ್ಟಳು. ಜೋಕಾಲಿಯ ಹಗ್ಗವನ್ನು ಅಟ್ಟದಿಂದ ಇಳಿಸಿಟ್ಟಳು. ಬಂದ ಬಸ್ಸುಗಳನ್ನೆಲ್ಲ ನೋಡಿದಳು.

ಅವನು ಬರಲಿಲ್ಲ. ಮರುದಿನ ಬೆಳಗ್ಗೆ ಫೋನ್ ನೋಡಿದರೆ ಪಂಚಮಿಯ ದಿನದ ಚೌಕ ಗಾಢ ಹಸಿರು. ಹಬ್ಬದ ದಿನವೂ ಬೆಳಗಿನಿಂದ ಸಂಜೆತನಕ ಕೆಲಸಕ್ಕೆ ಕೂತಿದ್ದಾನೆ, ಅಕ್ಕನ ಮನೆಗೆ ಬರಲು ಅವನಿಗೆ ಹೊತ್ತಿಲ್ಲ ಎಂದು ಅವಳಿಗೆ ಅನಿಸಿತು. ನಿಮ್ಮ ತಮ್ಮ ಹಸಿರಿದ್ದಾನೇನ್ರಿ ಎಂದು ಹೆಂಗಸರು ಕೇಳಿದಾಗ, ಇದ್ದಾನೆ ಎಂದಷ್ಟೇ ಹೇಳಿ ಹಿಟ್ಟು ನಾದಲು ಕೂತಳು. ಆ ದಿನದಿಂದ ಹೆಂಗಸರು ಕೇಳುವುದನ್ನು ಬಿಟ್ಟರು. ಅವಳು ನೋಡುವುದನ್ನು ಬಿಡಲಿಲ್ಲ.

ಇಲ್ಲಿಗೆ ಕತೆ ಮುಗಿದುಹೋಗಬೇಕಿತ್ತು. ಯಾಕೆ ಮುಗಿಯಲಿಲ್ಲ ಅಂದರೆ, ಅವನ ಓಣಿಯ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಎರಡು ದಿನ ಕರೆಂಟು ಇರಲಿಲ್ಲ. ಕಂಪ್ಯೂಟರಿನ ಬ್ಯಾಟರಿ ಖಾಲಿಯಾಗಿ ಅದು ಆರಿತು, ಅವನ ಫೋನೂ ಆರಿತು, ಅದನ್ನು ಮತ್ತೆ ಚಾರ್ಜಿಗೆ ಹಾಕಲು ಅವನಿಂದ ಏಳಲಾಗಲಿಲ್ಲ. ಕರೆಂಟು ಬಂದ ಮೇಲೆ ಕಂಪ್ಯೂಟರ್ ತಾನಾಗಿ ಎದ್ದರೂ ಆ ಪ್ರೋಗ್ರಾಮ್ ಏಳಲಿಲ್ಲ. ಯಂತ್ರ ಆರಿ ಹೊತ್ತಿದರೆ ಮತ್ತೆ ನೀನೂ ಶುರುವಾಗು ಎಂಬ ಒಂದು ಸಾಲನ್ನು ಅದರಲ್ಲಿ ಬರೆಯುವುದಕ್ಕೆ ಅವನು ಮರೆತಿದ್ದ. ಕಾಗದದ ಮೇಲೆ ಒಮ್ಮೆ ಓಡಿಸಿ ನೋಡಿದ್ದರೆ ಆ ತಪ್ಪು ಅವನಿಗೆ ಸಿಗುತ್ತಿತ್ತು. ನನ್ನ ಶಿಷ್ಯರಲ್ಲಿ ಯಾರಾದರೂ ಕಾಗದ ಬಿಟ್ಟದ್ದಕ್ಕೆ ನಾನು ಸಂತೋಷಪಟ್ಟಿದ್ದರೆ ಅದೊಂದೇ ಸಲ.

ಮೂರು ಚೌಕ ಬೂದು ಬಣ್ಣಕ್ಕೆ ಬಂದವು. ಮೂರನೆಯದನ್ನು ಕಂಡ ಬೆಳಗ್ಗೆ ಅಕ್ಕ ಕಿರಾಣಿ ಅಂಗಡಿಗೆ ಹೋಗಿ ಫೋನ್ ಮಾಡಿದಳು. ಸ್ವಿಚ್ ಆಫ್ ಆಗಿದೆ ಎಂದು ಬಂತು. ಹೆಂಗಸರಿಗೆ ಇವತ್ತು ನೀವೇ ನೋಡಿಕೊಳ್ಳಿರಿ ಎಂದು ಹೇಳಿ, ಹಿಟ್ಟಿನ ಕೈ ತೊಳೆದುಕೊಂಡು ಬಸ್ ಹತ್ತಿದಳು. ಪಂಚಮಿಯ ಸಿಟ್ಟು ಅವಳಿಗೆ ಆಗ ನೆನಪಾಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಆ ಕೋಣೆ ತಲುಪಿದಳು. ಬಾಗಿಲಿಗೆ ಅಗಳಿ ಹಾಕಿರಲಿಲ್ಲ. ಮಂಚದ ಮೇಲಿದ್ದವನು ತನ್ನ ತಮ್ಮನೇ ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಪಕ್ಕದಲ್ಲಿ ಕೂತು ಹಣೆ ಮುಟ್ಟಿದಳು.

“ಮೂರು ದಿವಸ ಬೂದಿ ಬಣ್ಣ ಇತ್ತು. ಜೀವ ತಡೀಲಿಲ್ಲ, ಬಂದೆ” ಎಂದಳು.

“ನಾ ಬಿದ್ದು ತಿಂಗಳ ಮ್ಯಾಲಾತು, ಅಕ್ಕಾ” ಎಂದ ಅವನು.

“ಹಸರ ಇತ್ತಲ್ಲೋ, ತಮ್ಮಾ?”

ಅವನು ಮೇಜಿನ ಮೇಲಿನ ಕಂಪ್ಯೂಟರಿನ ಕಡೆ ನೋಡಿದ.

ಕೆಳಗಿನ ಮನೆಯವರನ್ನು ಕರೆದು, ಇಬ್ಬರ ಹೆಗಲ ಮೇಲೆ ಅವನನ್ನು ಇಳಿಸಿ ಆಸ್ಪತ್ರೆಗೆ ಒಯ್ದಳು. ಎದೆಯಲ್ಲಿ ನೀರು ತುಂಬಿತ್ತು. ವೈದ್ಯರು ಸೂಜಿ ಹಾಕಿ ತೆಗೆದರು. ಜೀವಕ್ಕೆ ಭಯವಿಲ್ಲ ಎಂದರು. ಒಂದು ತಿಂಗಳು ಮೊದಲೇ ಬಂದಿದ್ದರೆ ಗುಳಿಗೆಯಲ್ಲೇ ಹೋಗುತ್ತಿತ್ತು, ಈಗ ಎಡಗಡೆಯ ಶ್ವಾಸಕೋಶ ಅರ್ಧ ಹಿಡಿದುಕೊಂಡಿದೆ, ಇನ್ನು ಮೇಲೆ ಒಂದೇ ಉಸಿರಿಗೆ ಮೆಟ್ಟಿಲು ಹತ್ತಲಾಗದು ಎಂದೂ ಹೇಳಿದರು.

ಒಂದು ತಿಂಗಳು ಮೊದಲೇ ಎಂಬ ಮಾತು ಅಕ್ಕನನ್ನು ಹಿಡಿದುಬಿಟ್ಟಿತು. ನೋಡಲು ಬಂದವರಿಗೆಲ್ಲ ಅವಳು ಅದನ್ನೇ ಹೇಳಿದಳು. ಗಂಡನಿಗೆ ಹೇಳಿದಳು, ರೊಟ್ಟಿಯ ಹೆಂಗಸರಿಗೆ ಹೇಳಿದಳು, ಔಷಧ ಕೊಡುವ ನರ್ಸಿಗೂ ಹೇಳಿದಳು. ನಾನು ದಿನಾ ನೋಡುತ್ತಿದ್ದೆ, ದಿನಾ ನೋಡಿದರೂ ನನಗೆ ತಿಳಿಯಲಿಲ್ಲ, ಎಂಥ ಅಕ್ಕ ನಾನು ಎಂದು ಹಣೆ ಬಡಿದುಕೊಂಡಳು. ಅವಳು ದಿನವೂ ನೋಡುತ್ತಿದ್ದಳು ಎಂಬುದು ತಮ್ಮನಿಗೆ ತಿಳಿದದ್ದೇ ಆಗ. ಸೂಜಿಯ ನೋವನ್ನು ಅವನು ಹೇಗೋ ತಾಳಿಕೊಂಡಿದ್ದ, ಇದನ್ನು ತಾಳಿಕೊಳ್ಳಲಾಗಲಿಲ್ಲ. 

ಮೂರು ದಿನ ಈ ಮಾತು ಕೇಳಿದ. ಸುಮ್ಮನಿದ್ದರೆ ಅವನ ಸುಳ್ಳು ಯಾರಿಗೂ ಗೊತ್ತಾಗುತ್ತಿರಲಿಲ್ಲ, ತಪ್ಪು ಅಕ್ಕನ ತಲೆಯ ಮೇಲೆ ಕೂತಿರುತ್ತಿತ್ತು. ನಾಲ್ಕನೆಯ ದಿನ ಅವನು ಅವಳ ಕೈ ಹಿಡಿದು ಎಲ್ಲವನ್ನೂ ಹೇಳಿದ. ಕಾಗದದ ಮೂರು ದಿನ, ವ್ಯಾಪಾರಿಯ ಮಾತು, ನಲವತ್ತು ಸಾಲು. ಹಸಿರು ಮಾಡುತ್ತಿದ್ದದ್ದು ಯಂತ್ರ, ತಾನಲ್ಲ ಎಂದ. ಅವಳು ಬೈಯುತ್ತಾಳೆ ಎಂದು ಕಾದ. ಬೈದರೆ ಒಳ್ಳೆಯದು ಎಂದೂ ಅವನಿಗೆ ಅನಿಸಿತ್ತು.

ಅಕ್ಕನಿಗೆ ಯಂತ್ರದ ಮಾತು ಅರ್ಧವೂ ತಿಳಿಯಲಿಲ್ಲ. ತನಗೆ ಬೇಕಾದದ್ದನ್ನು ಅದರಿಂದ ತೆಗೆದಳು.

“ಹಂಗಾದ್ರ ಪಂಚಮಿ ದಿವಸ ನೀ ಕೆಲಸಕ್ಕ ಕುಂತಿದ್ದಿಲ್ಲ?” ಎಂದು ಕೇಳಿದಳು.

“ಇಲ್ಲ ಅಕ್ಕಾ. ಬರಬೇಕಂತ ಎದ್ದಿದ್ದೆ. ಬಾಗಿಲತನಾ ಬರಾಕಾಗಲಿಲ್ಲ.”

ಅವಳು ಸೆರಗು ಬಾಯಿಗೆ ಹಿಡಿದುಕೊಂಡು ಅತ್ತಳು. ಅಳುತ್ತಲೇ ನಕ್ಕಳು. ಅವಳು ನಲವತ್ತು ಸಾಲಿನ ಬಗ್ಗೆ ಆಮೇಲೆ ಯಾವತ್ತೂ ಮಾತೆತ್ತಲಿಲ್ಲ.

ಅವನನ್ನು ತನ್ನ ಮನೆಗೆ ಕರೆದುಕೊಂಡು ಹೋಗಿ ಮೂರು ತಿಂಗಳು ಇಟ್ಟುಕೊಂಡಳು. ಆ ಮೂರು ತಿಂಗಳು ಬ್ಯಾಡ್ಜಿನಲ್ಲಿ ಬರೀ ಬೂದು. ಅವನು ಅದನ್ನು ಮುಚ್ಚಲಿಲ್ಲ. ಮತ್ತೆ ತನ್ನ ಊರಿಗೆ ಬಂದು ಕೆಲಸ ಶುರುಮಾಡಿದಾಗ ನಲವತ್ತು ಸಾಲನ್ನು ಅಳಿಸಿಹಾಕಿದ. ಬ್ಯಾಡ್ಜ್ ತೆಗೆಯಲಿಲ್ಲ. ಈಗ ಅವನು ಕಾಗದ ಹಿಡಿದು ಕೂತಾಗ ಚೌಕ ಬೂದಾಗುತ್ತದೆ, ಬೆಳಗ್ಗೆ ಫೋನ್ ಬರುತ್ತದೆ, ಅಕ್ಕಾ ಇವತ್ತು ಕಾಗದ ಎಂದು ಅವನು ಹೇಳುತ್ತಾನೆ. ರೊಟ್ಟಿಯ ಹೆಂಗಸರು ಮೊದಲಿನ ಹಾಗೆ ಕೇಳುವುದಿಲ್ಲ. ನಿಮ್ಮ ತಮ್ಮ ಇವತ್ತು ಹಸಿರೋ ಕಾಗದವೋ ಎಂದು ಕೇಳುತ್ತಾರಂತೆ.

ಮಾಸ್ತರರು ಕತೆ ನಿಲ್ಲಿಸಿ ಜೇಬಿನಿಂದ ಕನ್ನಡಕ ತೆಗೆದು ಒರೆಸಿದರು. ಫರ್ಜಾನಾ ತನ್ನ ಪುಟವನ್ನೇ ನೋಡುತ್ತಿದ್ದಳು. ಅವಳು, ಕತೆ ತಿಳಿಯಿತು ಸರ್, ಆದರೆ ನನ್ನದು ಕೆಲಸ ಕೊಡುವವರು ನೋಡುವ ಬ್ಯಾಡ್ಜ್, ನಾನು ಇದನ್ನು ಮುಚ್ಚಲೋ ಬಿಡಲೋ ಎಂದು ಮತ್ತೆ ಕೇಳಿದಳು. ಮಾಸ್ತರರು ಕನ್ನಡಕ ಹಾಕಿಕೊಂಡು, ಅವಳ ಕಂಪ್ಯೂಟರನ್ನು ತಮ್ಮ ಕಡೆಗೆ ಎಳೆದುಕೊಂಡರು.

“ಖಾಲಿ ದಿನ ಕಂಡು ನಿನ್ನ ಬಾಗಿಲಿಗೆ ಬರೋರು ಯಾರು ಅದನ್ನ ಹೇಳವಾ, ಅವರಿಗೆ ಕಾಣದಂಗ ಮಾಡೋದು ಹೆಂಗಂತ ನಾ ಹೇಳಿಕೊಡ್ತೀನಿ” ಎಂದರು.